ಮಿರಜದ ತಂಬೂರಿಯ ಮೆರುಗು

ಮಿರಜವೆಂದೊಡನೆ ತಂಬೂರಿ ನೆನಪಾಗುವುದು. ಅದರ ನಾದಕ್ಕೆ ತಲೆದೂಗುವ ನಾವು ಅದರ ಮೈಹೊಳಪಿನ ಇತಿಹಾಸವನ್ನು ಕೇಳುವುದು ವಿರಳ.

ಕತ್ತಿ, ಕಠಾರಿಗಳನ್ನು ಮಸೆದು ಬೆಳಗುವುದು ಇಲ್ಲಿಯ ಶಿಕಲಗಾರರ ಕುಲಕಸುಬು. 19ನೆಯ ಶತಮಾನದಲ್ಲಿ ಬ್ರಿಟಿಷರ ಆಳಿಕೆ ನೆಲೆಗೊಂಡು ಆಯುಧಗಳಿಗೆ ಬೇಡಿಕೆ ಕುಗ್ಗಲು, ಫರೀದಸಾಹೇಬ ಶಿಕಲಗಾರರು ವಾದ್ಯ ನಿರ್ಮಾಣಕ್ಕೆ ಕೈಹಚ್ಚಿದರು. ಪಟವರ್ಧನ ಸಂಸ್ಥಾನಿಕರು ಆಶ್ರಯವಿತ್ತರು. ಕಬ್ಬಿಣವನ್ನು ಬೆಳಗಿದ ಕೈಗಳೇ ಸೋರೆಬುರುಡೆಯನ್ನು ಬೆಳಗಿದವು.

ಈ ಮೆರುಗು ಬರಿಯ ಅಲಂಕಾರವಲ್ಲ. ಅರಗೆಂಬುದು ಸಣ್ಣ ಕೀಟವೊಂದು ಮರದ ಕೊಂಬೆಯ ಮೇಲೆ ಸ್ರವಿಸುವ ರಾಳ. ಅದನ್ನು ಶುದ್ಧಗೊಳಿಸಿ, ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರು ಪದರಾಗಿ ತಿಕ್ಕುವರು. ಸ್ಪಿರಿಟ್ ಆರಿದ ಮೇಲೆ ತೆಳುವಾದ ಪೊರೆ ಉಳಿಯುವುದು. ಅದು ಮರವೂ ಬುರುಡೆಯೂ ತೇವ ಹೀರುವುದನ್ನು ತಡೆಹಿಡಿಯುತ್ತದೆ. ಪೊರೆ ಅತಿ ದಪ್ಪವಾದರೆ ಕಂಪನವು ಕುಗ್ಗುವುದು. ಆದುದರಿಂದ ತೆಳುತನವೇ ಜಾಣ್ಮೆ.

ಇಂದಿನ ರಸಾಯನಜ್ಞರು ಪಾಲಿಮರ್ ಸರಪಳಿಗಳನ್ನು ವಸ್ತುವಿನ ಮೈಗೆ ಕಸಿ ಕಟ್ಟಿದಂತೆ ಬೆಸೆಯಬಲ್ಲರು. ಅರಗಿನ ಪೊರೆ ಹಾಗೆ ಬೆಸೆದುಕೊಂಡಿಲ್ಲ, ಅಂಟಿಕೊಂಡಿದೆಯಷ್ಟೆ. ಸ್ಪಿರಿಟ್ ತಾಗಿದರೆ ಕರಗುವುದು ಅದರ ದೋಷ. ಹಾಗೆ ಕರಗುವುದರಿಂದಲೇ ಹಳೆಯ ತಂಬೂರಿಯನ್ನು ಮತ್ತೆ ಬೆಳಗಬಹುದೆಂಬುದು ಅದರ ಗುಣ.

2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮನ್ನಣೆಯು ಹೆಸರನ್ನು ಕಾಯಬಲ್ಲದು. ಆದರೆ ಎಷ್ಟು ತಿಕ್ಕಬೇಕು, ಎಲ್ಲಿ ನಿಲ್ಲಿಸಬೇಕೆಂಬ ಅರಿವು ಕೈಯಿಂದ ಕೈಗೆ ಬರತಕ್ಕದ್ದು. ಕಲಿಯುವ ಕೈ ಇಲ್ಲವಾದರೆ ಅದು ಒಂದೇ ತಲೆಮಾರಿನಲ್ಲಿ ಅಳಿಯುವುದು.