ವೆಸ್ಪೇಸಿಯನ್

ವೆಸ್ಪೇಸಿಯನ್ (ಕ್ರಿ.ಶ. 9-79): ರೋಮನ್ ಚಕ್ರವರ್ತಿ, ಫ್ಲೇವಿಯನ್ ರಾಜವಂಶದ ಸ್ಥಾಪಕ. ಪೂರ್ಣ ಹೆಸರು ಟೈಟಸ್ ಫ್ಲೇವಿಯಸ್ ವೆಸ್ಪೇಸಿಯಾನಸ್. ಆಳ್ವಿಕೆಯ ಅವಧಿ 69-79. ನೀರೊನ ಮರಣಾನಂತರದ ಅಂತರ್ಯುದ್ಧವನ್ನು ಕೊನೆಗಾಣಿಸಿ, ಬರಿದಾಗಿದ್ದ ಬೊಕ್ಕಸವನ್ನು ತುಂಬಿಸಿ, ಕೊಲೊಸಿಯಮ್ ಕಟ್ಟಡಕ್ಕೆ ತಳಹದಿ ಹಾಕಿದವನು. ನೀರೊನವರೆಗಿನ ಚಕ್ರವರ್ತಿಗಳೆಲ್ಲ ರೋಮ್‌ನ ಹಳೆಯ ಶ್ರೀಮಂತ ಮನೆತನಗಳವರು. ಆ ಸಾಲಿನ ಹೊರಗಿನಿಂದ ಬಂದು ಹತ್ತು ವರ್ಷ ನೆಲೆನಿಂತು, ಸಿಂಹಾಸನವನ್ನು ಮಕ್ಕಳಿಗೆ ಉಳಿಸಿಹೋದ ಮೊದಲಿಗ ಈತ.

ಮನೆತನ ಮತ್ತು ಆರಂಭದ ದಿನಗಳು

ರೋಮ್ ನಗರದ ಈಶಾನ್ಯಕ್ಕಿರುವ ಸೇಬೈನ್ ಬೆಟ್ಟಸೀಮೆಯಲ್ಲಿ, ರಿಯಾಟೆ (ಈಗಿನ ರಿಯೇಟಿ) ಪಟ್ಟಣದ ಬಳಿಯ ಫಲಾಕ್ರಿನ ಎಂಬ ಹಳ್ಳಿಯಲ್ಲಿ 9ರ ನವೆಂಬರ್ 17ರಂದು ಜನಿಸಿದ. ಅಜ್ಜ ಸೇನಾನಿ ಪಾಂಪೆಯ ಸೈನ್ಯದಲ್ಲಿ ದುಡಿದು, ಅನಂತರ ಹರಾಜಿನ ಹಣ ವಸೂಲಿ ಮಾಡುತ್ತಿದ್ದವನು. ತಂದೆ ಏಷ್ಯಾ ಪ್ರಾಂತ್ಯದಲ್ಲಿ ಸುಂಕದ ಅಧಿಕಾರಿಯಾಗಿದ್ದು, ಬಳಿಕ ಈಗಿನ ಸ್ವಿಟ್ಜರ್ಲೆಂಡ್ ಪ್ರದೇಶದಲ್ಲಿ ಲೇವಾದೇವಿ ನಡೆಸಿದ. ಅಣ್ಣ ಸಬೈನಸ್ ಬೇಗನೆ ಸೆನೆಟ್ ಸೇರಿದರೂ ವೆಸ್ಪೇಸಿಯನ್‌ಗೆ ಆ ಹಂಬಲವಿರಲಿಲ್ಲ. ಅಣ್ಣನ ಮುಂದೆ ದಾರಿ ಬಿಡಿಸಿಕೊಂಡು ಹೋಗುವ ಆಳು ಎಂದು ತಾಯಿ ಹಂಗಿಸಿದ ಮೇಲಷ್ಟೇ ಅಧಿಕಾರದ ಹಾದಿ ಹಿಡಿದನೆಂದು ರೋಮನ್ ಚರಿತ್ರಕಾರ ಸ್ವಿಟೋನಿಯಸ್ ಬರೆದಿದ್ದಾನೆ.

38ರಲ್ಲಿ ನಗರದ ಬೀದಿಗಳ ಉಸ್ತುವಾರಿ ಈತನ ಪಾಲಿಗೆ ಬಂತು. ಬೀದಿಗಳು ಕೊಳಕಾಗಿರುವುದನ್ನು ಕಂಡು ಸಿಟ್ಟಿಗೆದ್ದ ಚಕ್ರವರ್ತಿ ಕ್ಯಾಲಿಗುಲ, ಈತ ತೊಟ್ಟಿದ್ದ ಟೋಗಾದ ಮಡಿಲಿಗೇ ಸೈನಿಕರಿಂದ ಕೆಸರು ತುಂಬಿಸಿದ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಬ್ರಿಟನ್ನಿನ ಮೇಲೆ ದಂಡೆತ್ತಿದಾಗ ಎರಡನೆಯ ಆಗಸ್ಟ ಲೀಜನ್ನಿನ (ರೋಮನ್ ಸೇನಾದಳ) ದಂಡನಾಯಕನಾಗಿ ದಕ್ಷಿಣ ತೀರದುದ್ದಕ್ಕೂ ಹೋರಾಡಿ, ಇಪ್ಪತ್ತಕ್ಕೂ ಹೆಚ್ಚು ಕೋಟೆಗಳನ್ನೂ ವೈಟ್ ದ್ವೀಪವನ್ನೂ ಗೆದ್ದ. 51ರಲ್ಲಿ ಕಾನ್ಸಲ್ ಪದವಿ ದೊರೆಯಿತು. ಸುಮಾರು ಹನ್ನೆರಡು ವರ್ಷಗಳ ಬಳಿಕ ಆಫ್ರಿಕ ಪ್ರಾಂತ್ಯದ ಆಡಳಿತಾಧಿಕಾರಿಯಾದ. ಅಂಥ ಹುದ್ದೆಗಳಲ್ಲಿ ಕೈತುಂಬ ಹಣ ಮಾಡಿಕೊಳ್ಳುವುದು ಆಗಿನ ರೂಢಿ. ಈತನಾದರೋ ಸಾಲಗಾರನಾಗಿ ಮರಳಿ, ಜಮೀನುಗಳನ್ನು ಅಣ್ಣನಿಗೆ ಅಡವಿಟ್ಟು, ಹೇಸರಗತ್ತೆಗಳ ವ್ಯಾಪಾರಕ್ಕೆ ಇಳಿಯಬೇಕಾಯಿತು. ಹೇಸರಗತ್ತೆಯವನು ಎಂಬ ಅಡ್ಡಹೆಸರೂ ಅಂಟಿಕೊಂಡಿತು.

ಸಿಂಹಾಸನದ ಹಾದಿ

66ರಲ್ಲಿ ನೀರೊನ ಗ್ರೀಸ್ ಪ್ರವಾಸದಲ್ಲಿ ಜೊತೆಗಿದ್ದ ವೆಸ್ಪೇಸಿಯನ್, ಚಕ್ರವರ್ತಿ ಹಾಡುವಾಗ ತೂಕಡಿಸಿ ಅವಕೃಪೆಗೆ ಒಳಗಾದ. ಅದೇ ವರ್ಷ ಜೂಡೀಯದಲ್ಲಿ ಯಹೂದಿಗಳು ದಂಗೆಯೆದ್ದು ರೋಮನ್ ಸೈನ್ಯವನ್ನು ಸೋಲಿಸಿದರು. ಅನುಭವವಿದ್ದು, ಸಿಂಹಾಸನಕ್ಕೆ ಕಣ್ಣುಹಾಕುವಷ್ಟು ಕುಲದ ಬಲವಿಲ್ಲದ ಸೇನಾನಿ ನೀರೊನಿಗೆ ಬೇಕಾಗಿದ್ದ. ಈತನಿಗೆ ಕರೆ ಬಂತು. ಮೂರು ಲೀಜನ್‌ಗಳೊಡನೆ ಗೆಲಿಲಿಗೆ ನುಗ್ಗಿ, 67ರಲ್ಲಿ ಯೋಟಪಾಟ ಕೋಟೆಯನ್ನು 47 ದಿನಗಳ ಮುತ್ತಿಗೆಯ ನಂತರ ಹಿಡಿದ. ಅಲ್ಲಿ ಸೆರೆಸಿಕ್ಕ ಯಹೂದಿ ನಾಯಕ ಜೋಸೀಫಸ್, ನೀನೇ ಮುಂದಿನ ಚಕ್ರವರ್ತಿ ಎಂದು ಭವಿಷ್ಯ ನುಡಿದು ಜೀವ ಉಳಿಸಿಕೊಂಡ. ಈ ಯುದ್ಧದ ಚರಿತ್ರೆಯನ್ನು ಬರೆದವನೂ ಆತನೇ.

68ರ ಜೂನ್‌ನಲ್ಲಿ ನೀರೊ ಆತ್ಮಹತ್ಯೆ ಮಾಡಿಕೊಂಡ. ಬಳಿಕ ಗಾಲ್ಬ, ಓಥೊ, ವಿಟೆಲಿಯಸ್ ಒಬ್ಬರ ಹಿಂದೊಬ್ಬರು ಪಟ್ಟಕ್ಕೇರಿದರು. 69ರ ಜುಲೈ 1ರಂದು ಈಜಿಪ್ಟಿನ ಆಡಳಿತಾಧಿಕಾರಿ ಟೈಬೀರಿಯಸ್ ಜೂಲಿಯಸ್ ಅಲೆಕ್ಸಾಂಡರ್ ಅಲೆಕ್ಸಾಂಡ್ರಿಯದ ಸೈನ್ಯದಿಂದ ವೆಸ್ಪೇಸಿಯನ್ ಹೆಸರಿನಲ್ಲಿ ಪ್ರತಿಜ್ಞೆ ಮಾಡಿಸಿದ. ಎರಡು ದಿನಗಳಲ್ಲಿ ಜೂಡೀಯದ ಸೈನ್ಯವೂ ಅನಂತರ ಸಿರಿಯದ ಅಧಿಪತಿ ಮ್ಯೂಸಿಯಾನಸ್‌ನೂ ಡ್ಯಾನ್ಯೂಬ್ ದಂಡೆಯ ಲೀಜನ್‌ಗಳೂ ಬೆಂಬಲಕ್ಕೆ ನಿಂತವು. ರೋಮ್‌ಗೆ ಧಾನ್ಯದ ದೊಡ್ಡ ಪಾಲು ಹೋಗುತ್ತಿದ್ದುದು ಈಜಿಪ್ಟಿನಿಂದ. ಅದನ್ನು ಕೈಯಲ್ಲಿಟ್ಟುಕೊಂಡು ವೆಸ್ಪೇಸಿಯನ್ ಅಲ್ಲೇ ಉಳಿದ, ಕಾದಾಡಿದವರು ಬೇರೆಯವರು. ಡ್ಯಾನ್ಯೂಬ್ ಸೈನ್ಯದ ಆಂಟೋನಿಯಸ್ ಪ್ರೈಮಸ್ ಅಕ್ಟೋಬರ್‌ನಲ್ಲಿ ಬೆಡ್ರಿಯಾಕಮ್ ಬಳಿ ವಿಟೆಲಿಯಸ್‌ನ ಪಡೆಯನ್ನು ಮುರಿದ. ಡಿಸೆಂಬರ್‌ನಲ್ಲಿ ರೋಮ್‌ನೊಳಗೇ ನಡೆದ ಕದನದಲ್ಲಿ ಜ್ಯೂಪಿಟರ್ ದೇಗುಲ ಸುಟ್ಟುಹೋಯಿತು, ಅಣ್ಣ ಸಬೈನಸ್ ಹತನಾದ, ವಿಟೆಲಿಯಸ್‌ನೂ ಕೊಲೆಯಾದ. ಚಕ್ರವರ್ತಿಯನ್ನು ರೋಮ್‌ನ ಹೊರಗೂ ಆರಿಸಬಹುದೆಂಬ ಗುಟ್ಟನ್ನು ಆ ಅಂತರ್ಯುದ್ಧ ಬಯಲು ಮಾಡಿತೆಂಬುದು ಇತಿಹಾಸಕಾರ ಟ್ಯಾಸಿಟಸ್‌ನ ಅಭಿಪ್ರಾಯ.

ಅಧಿಕಾರದ ಶಾಸನ

ಸೈನ್ಯ ಕೊಟ್ಟ ಪಟ್ಟಕ್ಕೆ ಕಾನೂನಿನ ಮುದ್ರೆ ಬೇಕಿತ್ತು. ಸೆನೆಟ್ ಅಂಗೀಕರಿಸಿದ ಅಧಿಕಾರ ಶಾಸನದ ಕೊನೆಯ ಭಾಗ ಕಂಚಿನ ಫಲಕವೊಂದರಲ್ಲಿ ಉಳಿದಿದ್ದು, ಈಗ ರೋಮ್‌ನ ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯದಲ್ಲಿದೆ. ರಾಜ್ಯದ ಹಿತಕ್ಕೆ ಅಗತ್ಯವೆಂದು ತೋರಿದ್ದನ್ನು ಮಾಡುವ ಹಕ್ಕನ್ನು ಅದು ಚಕ್ರವರ್ತಿಗೆ ಕೊಡುತ್ತದೆ. ಶಾಸನಕ್ಕೆ ಮೊದಲು ಆತ ಮಾಡಿದ್ದನ್ನೂ ಸಿಂಧುವೆಂದು ಒಪ್ಪುತ್ತದೆ. ಪೂರ್ವನಿದರ್ಶನವಾಗಿ ಅದು ಹೆಸರಿಸುವುದು ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೂವರನ್ನು ಮಾತ್ರ. ಕ್ಯಾಲಿಗುಲ, ನೀರೊ ಹೆಸರುಗಳಿಲ್ಲ. ಇಷ್ಟಾಗಿಯೂ ವೆಸ್ಪೇಸಿಯನ್ ತನ್ನ ಆಳ್ವಿಕೆಯನ್ನು ಎಣಿಸಿದ್ದು ಸೆನೆಟ್ ಒಪ್ಪಿದ ದಿನದಿಂದಲ್ಲ, ಸೈನ್ಯ ಜೈಕಾರ ಹಾಕಿದ ಜುಲೈ 1ರಿಂದ.

ಆಡಳಿತ ಮತ್ತು ಹಣಕಾಸು

ಹಿರಿಯ ಮಗ ಟೈಟಸ್ 70ರಲ್ಲಿ ಜೆರುಸಲೇಮನ್ನು ಗೆದ್ದು ದೇವಾಲಯವನ್ನು ನಾಶಮಾಡಿದ. ಆ ದೇವಾಲಯಕ್ಕೆ ಯಹೂದಿಗಳು ಸಲ್ಲಿಸುತ್ತಿದ್ದ ಎರಡು ಡ್ರಾಕ್ಮ ಕಾಣಿಕೆಯನ್ನು ವೆಸ್ಪೇಸಿಯನ್ ರೋಮ್‌ನ ಜ್ಯೂಪಿಟರ್‌ಗೆ ಸಲ್ಲಬೇಕಾದ ತೆರಿಗೆಯಾಗಿ ಮಾರ್ಪಡಿಸಿದ. ರೈನ್ ದಂಡೆಯ ಬಟೇವಿಯನ್ನರ ದಂಗೆಯೂ ಅದೇ ವರ್ಷ ಅಡಗಿತು. ರಾಜ್ಯ ನಿಲ್ಲಬೇಕಾದರೆ 4,000 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಬೇಕೆಂದು ಈತ ಹೇಳಿದನೆಂಬುದು ಸ್ವಿಟೋನಿಯಸ್‌ನ ಉಲ್ಲೇಖ. ಈ ಮೊತ್ತವನ್ನು ಪ್ರತಿಕಾರರ ತಪ್ಪೆಂದು ಹತ್ತರಲ್ಲೊಂದಕ್ಕೆ ಇಳಿಸುವ ವಿದ್ವಾಂಸರೂ ಇದ್ದಾರೆ. ರದ್ದಾಗಿದ್ದ ತೆರಿಗೆಗಳು ಮರಳಿದವು, ಹೊಸವು ಬಂದವು, ಕೆಲವು ಪ್ರಾಂತ್ಯಗಳ ಕಪ್ಪ ಇಮ್ಮಡಿಯಾಯಿತು.

ಇವುಗಳಲ್ಲಿ ಹೆಚ್ಚು ಹೆಸರಾದುದು ಮೂತ್ರದ ಮೇಲಿನ ತೆರಿಗೆ. ಬಟ್ಟೆ ಮಡಿಮಾಡುವವರಿಗೂ ಚರ್ಮ ಹದಮಾಡುವವರಿಗೂ ಮೂತ್ರ ಬೇಕಾಗುತ್ತಿತ್ತು. ಇಂಥ ತೆರಿಗೆಯೇ ಎಂದು ಟೈಟಸ್ ಮೂಗುಮುರಿದಾಗ, ಅದರಿಂದ ಬಂದ ನಾಣ್ಯವನ್ನು ಮಗನ ಮೂಗಿಗೆ ಹಿಡಿದು ನಾತ ಬರುತ್ತಿದೆಯೇ ಎಂದು ಕೇಳಿದನಂತೆ. ಫ್ರಾನ್ಸ್ ಮತ್ತು ಇಟಲಿಯಲ್ಲಿ ಸಾರ್ವಜನಿಕ ಮೂತ್ರಾಲಯಗಳಿಗೆ ಬಹುಕಾಲ ಈತನ ಹೆಸರೇ ಇತ್ತು.

ಬಂದ ಹಣ ಕಟ್ಟಡಗಳಿಗೂ ವಿದ್ಯೆಗೂ ಹರಿಯಿತು. ಸುಟ್ಟ ಜ್ಯೂಪಿಟರ್ ದೇಗುಲದ ಅವಶೇಷವನ್ನು ತಾನೇ ಹೊತ್ತು ಸಾಗಿಸಿ ಪುನರ್ನಿರ್ಮಾಣಕ್ಕೆ ಚಾಲನೆ ಕೊಟ್ಟ. 75ರಲ್ಲಿ ಶಾಂತಿದೇವತೆಯ ಮಂದಿರ ಸಿದ್ಧವಾಯಿತು. ನೀರೊ ತನ್ನ ಅರಮನೆಗಾಗಿ ತೋಡಿಸಿದ್ದ ಕೊಳದ ಜಾಗದಲ್ಲಿ ಪ್ರಜೆಗಳಿಗಾಗಿ ಕೊಲೊಸಿಯಮ್ ಏಳತೊಡಗಿತು. ಅದರ ಉದ್ಘಾಟನೆ 80ರಲ್ಲಿ, ಟೈಟಸ್‌ನ ಕಾಲದಲ್ಲಿ ನಡೆಯಿತು. ಅಲಂಕಾರಶಾಸ್ತ್ರ ಕಲಿಸುವವರಿಗೆ ಬೊಕ್ಕಸದಿಂದ ವರ್ಷಕ್ಕೆ 1,00,000 ಸೆಸ್ಟರ್ಸ್ ಸಂಬಳ ಗೊತ್ತುಪಡಿಸಿದ. ಕ್ವಿಂಟಿಲಿಯನ್ ಅದನ್ನು ಪಡೆದವರಲ್ಲೊಬ್ಬ. ಈತನ ಆಪ್ತನಾಗಿದ್ದ ಹಿರಿಯ ಪ್ಲಿನಿ ತನ್ನ ‘ನಿಸರ್ಗ ಚರಿತ್ರೆ’ಯನ್ನು ಟೈಟಸ್‌ಗೆ ಅರ್ಪಿಸಿದ. ಭಾರತದ ವ್ಯಾಪಾರಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆಯೆಂಬ ದೂರು ಇರುವುದು ಆ ಗ್ರಂಥದಲ್ಲೇ. ಕೇರಳ ಕರಾವಳಿಯ ಮುಜಿರಿಸ್ ಬಂದರಿನ ಸಮೀಪ ಕಡಲ್ಗಳ್ಳರ ನೆಲೆಯೆಂದು ಅದು ಹೆಸರಿಸುವ ನಿಟ್ರಿಯಾಸ್, ನೇತ್ರಾವತಿ ತೀರದ ಮಂಗಳೂರಿರಬಹುದೆಂದು ಕೆಲವರು ಊಹಿಸಿದ್ದಾರೆ.

ವಿರೋಧವನ್ನು ಈತ ಎಲ್ಲ ಸಲವೂ ಸಹಿಸಲಿಲ್ಲ. ತತ್ತ್ವಜ್ಞಾನಿಗಳನ್ನು ರೋಮ್‌ನಿಂದ ಹೊರಹಾಕಿದ. ಮುಖಕ್ಕೆ ಮುಖ ಕೊಟ್ಟು ಟೀಕಿಸುತ್ತಿದ್ದ ಸೆನೆಟರ್ ಹೆಲ್ವಿಡಿಯಸ್ ಪ್ರಿಸ್ಕಸ್ ಗಡೀಪಾರಾಗಿ, ಬಳಿಕ ಮರಣದಂಡನೆಗೆ ಗುರಿಯಾದ.

ಮರಣ ಮತ್ತು ಪರಂಪರೆ

79ರ ಜೂನ್‌ನಲ್ಲಿ ಹುಟ್ಟೂರಿನ ಸೀಮೆಯಲ್ಲಿದ್ದಾಗ ಕಾಯಿಲೆಬಿದ್ದು ತೀರಿಕೊಂಡ. ಸತ್ತ ಚಕ್ರವರ್ತಿಗಳನ್ನು ದೇವರೆಂದು ಸಾರುವ ಪದ್ಧತಿಯನ್ನು ಗೇಲಿಮಾಡುತ್ತ, ತಾನೀಗ ದೇವರಾಗುತ್ತಿದ್ದೇನೆಂದು ತೋರುತ್ತದೆ ಎಂದನೆಂಬ ಪ್ರತೀತಿಯಿದೆ. ಟೈಟಸ್ (79-81) ಮತ್ತು ಡೊಮಿಷಿಯನ್ (81-96) ಅನುಕ್ರಮವಾಗಿ ಪಟ್ಟಕ್ಕೆ ಬಂದರು. ಅದುವರೆಗಿನವರಲ್ಲಿ ಪಟ್ಟವೇರಿದ ಮೇಲೆ ಸುಧಾರಿಸಿದ ಚಕ್ರವರ್ತಿ ವೆಸ್ಪೇಸಿಯನ್ ಒಬ್ಬನೇ ಎಂಬುದು ಟ್ಯಾಸಿಟಸ್‌ನ ತೀರ್ಪು. ಈತ ಸ್ಪೇನಿಗೆ ಲ್ಯಾಟಿನ್ ಹಕ್ಕುಗಳನ್ನು (ಪೂರ್ಣ ರೋಮನ್ ಪೌರತ್ವಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹಕ್ಕುಗಳು) ನೀಡಿದ. ಅಂತರ್ಯುದ್ಧದಲ್ಲಿ ತೆಳುವಾಗಿದ್ದ ಸೆನೆಟ್ಟಿಗೆ ಇಟಲಿ ಮತ್ತು ಪ್ರಾಂತ್ಯಗಳ ಸಮರ್ಥರನ್ನು ತುಂಬಿದ. ಜೂಡೀಯದಲ್ಲಿ ಈತನ ಕೈಕೆಳಗೆ ಲೀಜನ್ನೊಂದನ್ನು ನಡೆಸಿ, ಈತನಿಂದಲೇ ಕುಲೀನ ಪದವಿ ಪಡೆದ ಸ್ಪೇನ್ ಮೂಲದ ಅಧಿಕಾರಿಯೊಬ್ಬನ ಮಗನೇ 98ರಲ್ಲಿ ಚಕ್ರವರ್ತಿಯಾದ ಟ್ರೇಜನ್.