ಲೈಬ್ರರಿ ಕಂಪ್ಯೂಟರ್‌ನಲ್ಲಿ ನಿಮ್ಮ ಆಧಾರ್ ಉಳಿಯಬಾರದಾ? ಲೈವ್ ಡಿಸ್ಕ್ ಬಳಸೋದು ಹೇಗೆ, ಇಲ್ಲಿದೆ ಪೂರ್ತಿ ಮಾಹಿತಿ

ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಪ್ರಿಂಟ್, ಪಹಣಿ, ಜಿಎಸ್‌ಟಿ ರಿಟರ್ನ್. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಇದಕ್ಕೆಲ್ಲ ಹೋಗುವುದು ಸೈಬರ್ ಸೆಂಟರ್‌ಗೆ, ಇಲ್ಲಾಂದ್ರೆ ಲೈಬ್ರರಿಗೆ. ಕೆಲಸ ಮುಗಿದ ಮೇಲೆ ನಾವು ಎದ್ದು ಬರ್ತೀವಿ. ನಾವು ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಅಲ್ಲೇ ಇರುತ್ತೆ.

ನನಗೆ ಇದು ಗೊತ್ತಾಗಿದ್ದು ನನ್ನದೇ ಮಾರ್ಕ್ಸ್ ಕಾರ್ಡ್‌ನಿಂದ. ಪಿಯುಸಿ ಮುಗಿಸಿ ಡಿಗ್ರಿಗೆ ಅರ್ಜಿ ಹಾಕುವಾಗ ಒಂದು ಸಾರ್ವಜನಿಕ ಕಂಪ್ಯೂಟರ್ ಬಳಸಿದ್ದೆ. ಆಮೇಲೆ ಡಿಗ್ರಿ ಅರ್ಧಕ್ಕೇ ಬಿಟ್ಟೆ, ವರದಿ ಬರೆಯೋಕೆ ಶುರು ಮಾಡಿದೆ. ಒಂದು ದಿನ ವರದಿ ಕಳಿಸೋಕೆ ಅದೇ ಕಂಪ್ಯೂಟರ್ ಮುಂದೆ ಕೂತರೆ, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ನನ್ನ ಮಾರ್ಕ್ಸ್ ಕಾರ್ಡ್, ಆಧಾರ್, ಅಪ್ಪನ ಪಾಸ್‌ಬುಕ್ಕಿನ ಮೊದಲ ಪುಟ ಮೂರೂ ಹಾಗೇ ಇದ್ದವು. ಪಕ್ಕದಲ್ಲಿ ಊರಿನ ಇನ್ನೂ ಎಷ್ಟೋ ಜನರದ್ದು. ಯಾರೂ ಕದ್ದಿರಲಿಲ್ಲ. ಯಾರೂ ಅಳಿಸಿರಲಿಲ್ಲ, ಅಷ್ಟೇ.

ಇದಕ್ಕೆ ಒಂದು ಹಳೇ ಪರಿಹಾರ ಇದೆ. ಸಾಫ್ಟ್‌ವೇರ್‌ಗೆ ಒಂದು ರೂಪಾಯಿನೂ ಕೊಡಬೇಕಿಲ್ಲ. ಅದೇ ಲೈವ್ ಡಿಸ್ಕ್.

ಏನಿದು ಲೈವ್ ಡಿಸ್ಕ್?

ಸಾಮಾನ್ಯವಾಗಿ ಕಂಪ್ಯೂಟರ್ ಆನ್ ಮಾಡಿದರೆ ಹಾರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್ ಶುರುವಾಗುತ್ತೆ. ಲೈವ್ ಡಿಸ್ಕ್ ಹಾಕಿದರೆ ಹಾಗಲ್ಲ. ಡಿವಿಡಿ ಅಥವಾ ಪೆನ್‌ಡ್ರೈವ್‌ನಲ್ಲಿರುವ ಬೇರೆಯೇ ಆಪರೇಟಿಂಗ್ ಸಿಸ್ಟಮ್, ಹೆಚ್ಚಾಗಿ ಲಿನಕ್ಸ್, ನೇರವಾಗಿ ರ್‍ಯಾಮ್‌ಗೆ ಬಂದು ಓಡುತ್ತೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನೀವಾಗಿ ಹಾರ್ಡ್ ಡಿಸ್ಕ್ ತೆರೆಯದಿದ್ದರೆ ಅದರಲ್ಲಿ ಏನೂ ಬರೆಯಲ್ಲ.

ರ್‍ಯಾಮ್ ಅಂದರೆ ಕರೆಂಟ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ಜಾಗ. ಕಂಪ್ಯೂಟರ್ ಬಂದ್ ಮಾಡಿದ ಕೂಡಲೇ ನೀವು ನೋಡಿದ ವೆಬ್‌ಸೈಟ್, ಹೊಡೆದ ಪಾಸ್‌ವರ್ಡ್, ಇಳಿಸಿದ ಫೈಲ್ ಎಲ್ಲ ಹೋಗುತ್ತೆ. ಮುಂದೆ ಬಂದು ಕೂತವರಿಗೆ ಎಂದಿನ ವಿಂಡೋಸ್ ಸಿಗುತ್ತೆ. ಸ್ಲೇಟಿನ ಮೇಲೆ ಬರೆದು ಒರೆಸಿದ ಹಾಗೆ.

ಇದು ಹೊಸದೇನಲ್ಲ. ಜರ್ಮನಿಯ ಕ್ಲಾಸ್ ನಾಪರ್ 2000ದಲ್ಲಿ ನಾಪಿಕ್ಸ್ ಹೊರತಂದರು. 700 ಎಂಬಿಯ ಒಂದೇ ಸಿಡಿಯಲ್ಲಿ ಸುಮಾರು 2 ಜಿಬಿ ಸಾಫ್ಟ್‌ವೇರ್ ಒತ್ತಿ ತುಂಬಿಸಿದ್ದರು. 2004ರಲ್ಲಿ ಉಬುಂಟು ಬಂತು. ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತ ಸಿಡಿ ಕಳಿಸುವ ಅದರ ಯೋಜನೆ 2011ರವರೆಗೂ ನಡೆಯಿತು. ಈಗ ಸಿಡಿಯ ಜಾಗಕ್ಕೆ ಪೆನ್‌ಡ್ರೈವ್ ಬಂದಿದೆ, ಕೆಲಸ ಅದೇ.

ಇವು ಮುಕ್ತ ತಂತ್ರಾಂಶಗಳು. ಕಾಪಿ ಮಾಡಿ ಪಕ್ಕದವರಿಗೆ ಕೊಟ್ಟರೆ ಪೈರಸಿ ಆಗಲ್ಲ, ಲೈಸೆನ್ಸೇ ಅದಕ್ಕೆ ಅವಕಾಶ ಕೊಡುತ್ತೆ. ಲೈಬ್ರರಿ ಪುಸ್ತಕದಂತೆ ಡಿಸ್ಕನ್ನೂ ಎರವಲು ಕೊಡಬಹುದು.

ಮೊದಲು ಅನುಮತಿ ಕೇಳಿ

ಕೇಳದೇ ಯಾರದ್ದೋ ಕಂಪ್ಯೂಟರ್‌ಗೆ ಡಿಸ್ಕ್ ಹಾಕಿ ರೀಸ್ಟಾರ್ಟ್ ಮಾಡಬೇಡಿ. ಗ್ರಂಥಪಾಲಕರಿಗೆ ಅದು ಏನು ಅಂತ ಗೊತ್ತಿಲ್ಲದಿದ್ದರೆ ಗಾಬರಿ ಆಗೋದು ಸಹಜ. ಕಂಪ್ಯೂಟರ್ ಹಾಳಾದರೆ ಉತ್ತರ ಕೊಡಬೇಕಾದವರು ಅವರೇ.

ಲೈವ್ ಡಿಸ್ಕ್‌ನಿಂದ ಶುರು ಮಾಡಿದವರು ಆ ಕಂಪ್ಯೂಟರ್‌ನ ಹಾರ್ಡ್ ಡಿಸ್ಕನ್ನೂ ತೆರೆಯಬಹುದು. ಎನ್‌ಕ್ರಿಪ್ಷನ್ ಇಲ್ಲದಿದ್ದರೆ ವಿಂಡೋಸ್ ಪಾಸ್‌ವರ್ಡ್ ಅದನ್ನು ತಡೆಯಲ್ಲ. ಆದ್ದರಿಂದ ಅನುಮತಿ ಅನ್ನೋದು ಬರೀ ಮರ್ಯಾದೆಯ ಮಾತಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗಿವೆ, ಈಗ ‘ಅರಿವು ಕೇಂದ್ರ’ ಅಂತ ಬೋರ್ಡ್ ಇರುತ್ತೆ. ಅಲ್ಲಿ ಮೇಲ್ವಿಚಾರಕರನ್ನು, ಬೇಕಾದರೆ ಪಿಡಿಒ ಅವರನ್ನು ಕೇಳಿ. ಪಟ್ಟಣದ ಗ್ರಂಥಾಲಯ ಸಾರ್ವಜನಿಕ ಗ್ರಂಥಾಲಯ ಇಲಾಖೆಯದ್ದಾದರೆ ಅಲ್ಲಿನ ಗ್ರಂಥಪಾಲಕರನ್ನು ಕೇಳಿದರೆ ಸಾಕು. “ಏನೂ ಇನ್‌ಸ್ಟಾಲ್ ಮಾಡಲ್ಲ, ಮುಗಿದ ಮೇಲೆ ಮೊದಲಿನಂತೆಯೇ ಇರುತ್ತೆ” ಅಂತ ಹೇಳಿ, ಅವರ ಎದುರಿಗೇ ಒಂದು ಸಲ ಮಾಡಿ ತೋರಿಸಿ.

ಯಾವುದನ್ನು ಆರಿಸಬೇಕು?

* 4 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್‌ಗೆ: ಲಿನಕ್ಸ್ ಮಿಂಟ್. ವಿಂಡೋಸ್ ಬಳಸಿ ಅಭ್ಯಾಸ ಇರುವವರಿಗೆ ಬೇಗ ಹೊಂದುತ್ತೆ. ಫೈಲ್ ಸುಮಾರು 3 ಜಿಬಿ, ಡಿವಿಡಿಯಲ್ಲಿ ಹಿಡಿಯುತ್ತೆ.
* 2 ಜಿಬಿ ರ್‍ಯಾಮ್ ಇದ್ದರೆ: ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಓಡುತ್ತೆ, ಆದರೆ ನಿಧಾನ. ಬ್ರೌಸರ್‌ನಲ್ಲಿ ಹೆಚ್ಚು ಟ್ಯಾಬ್ ತೆರೆಯಬೇಡಿ.
* ಅದಕ್ಕಿಂತ ಹಳೇ, 32 ಬಿಟ್ ಕಂಪ್ಯೂಟರ್‌ಗೆ: ಪಪ್ಪಿ ಲಿನಕ್ಸ್ ಅಥವಾ ಆ್ಯಂಟಿಎಕ್ಸ್‌ನ 32 ಬಿಟ್ ಆವೃತ್ತಿ. ಪಪ್ಪಿ ಪೂರ್ತಿಯಾಗಿ ರ್‍ಯಾಮ್‌ನಲ್ಲೇ ಕೂರುವಷ್ಟು ಚಿಕ್ಕದು.
* ಉಬುಂಟು ಚೆನ್ನಾಗಿದೆ, ಆದರೆ ಹೊಸ ಆವೃತ್ತಿಗಳು 4.7 ಜಿಬಿಯ ಡಿವಿಡಿಯಲ್ಲಿ ಹಿಡಿಯಲ್ಲ. ಪೆನ್‌ಡ್ರೈವ್ ಬೇಕೇ ಬೇಕು.

ಡಿವಿಡಿ ಒಳ್ಳೇದಾ, ಪೆನ್‌ಡ್ರೈವ್ ಒಳ್ಳೇದಾ? ಡಿವಿಡಿ ನಿಧಾನ, ಆದರೆ ಒಮ್ಮೆ ಬರೆದ ಡಿವಿಡಿ-ಆರ್ ಮೇಲೆ ವೈರಸ್ ಬಂದು ಕೂರೋಕೆ ಆಗಲ್ಲ. ಹತ್ತು ಜನ ಬಳಸುವ ಲೈಬ್ರರಿಗೆ ಅದು ದೊಡ್ಡ ಲಾಭ. ಸ್ವಂತ ಬಳಕೆಗೆ ಪೆನ್‌ಡ್ರೈವ್ ಸಾಕು, 8 ಜಿಬಿಯದ್ದಾದರೆ ಧಾರಾಳ.

ತಯಾರಿಸೋದು ಹೇಗೆ?

1. ನಂಬಿಕಸ್ತರ ಕಂಪ್ಯೂಟರ್‌ನಲ್ಲಿ, ಆ ಲಿನಕ್ಸ್‌ನ ಅಧಿಕೃತ ವೆಬ್‌ಸೈಟ್‌ನಿಂದಲೇ ಐಎಸ್‌ಒ ಫೈಲ್ ಇಳಿಸಿಕೊಳ್ಳಿ.
2. ರುಫಸ್ ಅಥವಾ ಬಲೇನಾ ಎಚ್ಚರ್ ಅನ್ನುವ ಉಚಿತ ಸಾಫ್ಟ್‌ವೇರ್ ತೆಗೆದುಕೊಳ್ಳಿ. ಐಎಸ್‌ಒ ಫೈಲನ್ನು ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ.
3. ಫೈಲ್ ಸರಿ ಇಳಿದಿದೆಯಾ ಪರೀಕ್ಷಿಸಿ. ರುಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ ಟಿಕ್ ಗುರುತು ಒತ್ತಿದರೆ ಉದ್ದನೆಯ ಒಂದು ಸಂಖ್ಯೆ ಬರುತ್ತೆ. ವೆಬ್‌ಸೈಟ್‌ನಲ್ಲಿ ಕೊಟ್ಟಿರುವ ಎಸ್‌ಎಚ್‌ಎ-256 ಸಂಖ್ಯೆಗೆ ಅದು ತಾಳೆ ಆಗಬೇಕು.
4. ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತೆ. ಮದುವೆ ಫೋಟೊ ಇದ್ದರೆ ಮೊದಲೇ ಬೇರೆ ಕಡೆ ಹಾಕಿಡಿ.
5. ‘ಸ್ಟಾರ್ಟ್’ ಅಥವಾ ‘ಫ್ಲ್ಯಾಶ್’ ಒತ್ತಿ, ಮುಗಿಯುವವರೆಗೆ ಕಾಯಿರಿ.

ಲೈಬ್ರರಿಯಲ್ಲಿ ಶುರು ಮಾಡೋದು

ಡಿಸ್ಕ್ ಹಾಕಿ ವಿಂಡೋಸ್ ಅನ್ನು ‘ರೀಸ್ಟಾರ್ಟ್’ ಮಾಡಿ. ‘ಶಟ್‌ಡೌನ್’ ಮಾಡಿದರೆ ವಿಂಡೋಸ್ ಕೆಲವೊಮ್ಮೆ ಪೂರ್ತಿ ಬಂದ್ ಆಗದೇ ಅರೆನಿದ್ದೆಯಲ್ಲಿರುತ್ತೆ. ಕಂಪನಿ ಹೆಸರು ಪರದೆ ಮೇಲೆ ಬಂದ ಕೂಡಲೇ ಬೂಟ್ ಮೆನು ಕೀಲಿ ಒತ್ತುತ್ತಾ ಇರಿ. ಡೆಲ್, ಲೆನೊವೊ, ಏಸರ್‌ಗಳಲ್ಲಿ ಹೆಚ್ಚಾಗಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9. ಏಸಸ್‌ನಲ್ಲಿ ಎಫ್8 ಅಥವಾ ಎಸ್ಕೇಪ್. ಬರುವ ಪಟ್ಟಿಯಲ್ಲಿ ಡಿವಿಡಿ ಅಥವಾ ಯುಎಸ್‌ಬಿ ಆರಿಸಿ.

ಮಿಂಟ್, ಉಬುಂಟು ಎರಡೂ ‘ಸೆಕ್ಯೂರ್ ಬೂಟ್’ ಆನ್ ಇದ್ದರೂ ಸಾಮಾನ್ಯವಾಗಿ ಶುರುವಾಗುತ್ತವೆ. ಆಗದಿದ್ದರೆ ನೀವಾಗಿ ಸೆಟ್ಟಿಂಗ್ ಬದಲಿಸಬೇಡಿ. ಬಿಟ್‌ಲಾಕರ್ ಇರುವ ಕಂಪ್ಯೂಟರ್‌ನಲ್ಲಿ ಸೆಕ್ಯೂರ್ ಬೂಟ್ ತೆಗೆದರೆ ವಿಂಡೋಸ್ ಮುಂದಿನ ಸಲ ರಿಕವರಿ ಕೀ ಕೇಳಬಹುದು. ಆ ಕೀ ಲೈಬ್ರರಿಯಲ್ಲಿ ಯಾರ ಹತ್ತಿರವೂ ಇಲ್ಲದಿದ್ದರೆ ಕೆಲಸ ಕೆಟ್ಟಿತು.

ಡೆಸ್ಕ್‌ಟಾಪ್ ಬಂದ ಮೇಲೆ ‘ಇನ್‌ಸ್ಟಾಲ್’ ಅನ್ನೋ ಐಕಾನ್ ಕಾಣುತ್ತೆ. ಅದನ್ನು ಮುಟ್ಟಲೇಬೇಡಿ. ಅದರಲ್ಲಿ ಮುಂದೆ ಮುಂದೆ ಒತ್ತುತ್ತಾ ಹೋದರೆ ಹಾರ್ಡ್ ಡಿಸ್ಕ್‌ನ ವಿಂಡೋಸ್ ಅಳಿಸಿಹೋಗಬಹುದು. ನಿಮಗೆ ಬೇಕಾದ ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಪಿಡಿಎಫ್ ಓದುವ ಸಾಫ್ಟ್‌ವೇರ್ ಮಿಂಟ್‌ನಲ್ಲಿ ಮೊದಲೇ ಇವೆ.

ಕನ್ನಡ ಟೈಪ್ ಮಾಡಬಹುದಾ?

ಮಾಡಬಹುದು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವಾಗ ಕನ್ನಡ ಅಂತ ಹುಡುಕಿ. ಇನ್‌ಸ್ಕ್ರಿಪ್ಟ್ ಒಂದು, ‘ಕಗಪ ಫೊನೆಟಿಕ್’ ಇನ್ನೊಂದು ಸಿಗುತ್ತೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ನುಡಿ ಕೀಲಿಮಣೆ ಗೊತ್ತಿರುವವರಿಗೆ ಹತ್ತಿರದ್ದು, ಇಂಟರ್‌ನೆಟ್ ಕೂಡ ಬೇಡ.

ಒಂದು ತೊಡಕು ಇದೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಇಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತೆ. ಫೈಲ್ ಹಾಳಾಗಿಲ್ಲ, ಅದು ಯುನಿಕೋಡ್ ಅಲ್ಲ ಅಷ್ಟೇ. ಯುನಿಕೋಡ್‌ಗೆ ಪರಿವರ್ತಿಸಿಕೊಂಡು ತನ್ನಿ.

ಸೇವ್ ಮಾಡಿದ್ದು ಎಲ್ಲಿ ಹೋಯ್ತು?

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಲೈವ್ ಡಿಸ್ಕ್ ಹಾಕಿ ಎರಡು ಗಂಟೆ ಕೂತು ಸಂತೆ ಸುಂಕದ ಬಗ್ಗೆ ವರದಿ ಟೈಪ್ ಮಾಡಿದೆ, ‘ಡಾಕ್ಯುಮೆಂಟ್ಸ್’ನಲ್ಲಿ ಸೇವ್ ಕೂಡ ಮಾಡಿದೆ. ಕರೆಂಟ್ ಹೋಯ್ತು. ಬಂದಾಗ ಫೈಲೂ ಇಲ್ಲ, ಫೋಲ್ಡರೂ ಇಲ್ಲ. ಮಾರ್ಕ್ಸ್ ಕಾರ್ಡ್ ಉಳಿದುಕೊಂಡಿತ್ತು, ವರದಿ ಉಳೀಲಿಲ್ಲ.

ಬಂದ್ ಮಾಡಿದರೆ ಎಲ್ಲ ಅಳಿಸುತ್ತೆ ಅನ್ನೋದೇ ಇದರ ಗುಣ, ಅದೇ ಇದರ ದೋಷ. ಹಾಗಾಗಿ ಇನ್ನೊಂದು ಪೆನ್‌ಡ್ರೈವ್ ಜೊತೆಗಿರಲಿ. ಫೈಲ್ ಶುರು ಮಾಡುವಾಗಲೇ ಅದರಲ್ಲಿ ಸೇವ್ ಮಾಡಿ. ಇಲ್ಲಾಂದ್ರೆ ಆಗಾಗ ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಪೆನ್‌ಡ್ರೈವ್‌ನಲ್ಲೇ ಸ್ವಲ್ಪ ಜಾಗ ಉಳಿಸಿಕೊಳ್ಳುವ ‘ಪರ್ಸಿಸ್ಟೆನ್ಸ್’ ಆಯ್ಕೆ ರುಫಸ್‌ನಲ್ಲಿದೆ. ಆದರೆ ಆ ಪೆನ್‌ಡ್ರೈವ್ ಕಳೆದರೆ ಸಿಕ್ಕವರ ಕೈಗೆ ಎಲ್ಲ ಸಿಕ್ಕಂತೆ.

ಅಂಗಡಿಯವರು ಗಮನಿಸಿ

* ಜಿಎಸ್‌ಟಿ ಪೋರ್ಟಲ್ ಬ್ರೌಸರ್‌ನಲ್ಲಿ ತೆರೆಯಬಹುದು. ಒಬ್ಬರೇ ಮಾಲೀಕರಾದ ಅಂಗಡಿಗಳು ಮೊಬೈಲ್‌ಗೆ ಬರುವ ಒಟಿಪಿಯಿಂದಲೇ ರಿಟರ್ನ್ ಸಲ್ಲಿಸಬಹುದು. ಡಿಜಿಟಲ್ ಸಹಿಯ ಟೋಕನ್ ಬೇಕಾದ ಕೆಲಸಕ್ಕೆ ಡ್ರೈವರ್ ಬೇಕು, ಲೈವ್ ಡಿಸ್ಕ್ ನಂಬಿ ಕೊನೇ ದಿನ ಹೋಗಬೇಡಿ.
* ಟ್ಯಾಲಿ, ನುಡಿ ವಿಂಡೋಸ್ ಸಾಫ್ಟ್‌ವೇರ್‌ಗಳು. ಇಲ್ಲಿ ಹಾಗೇ ಓಡಲ್ಲ.
* ಎಕ್ಸೆಲ್ ಫೈಲ್ ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತೆ. ಮ್ಯಾಕ್ರೊ ಇದ್ದರೆ ತೊಂದರೆ ಕೊಡಬಹುದು.
* ಪ್ರಿಂಟರ್: ಎಚ್‌ಪಿಯ ಬಹಳಷ್ಟು ಮಾದರಿಗಳು ತಾವಾಗೇ ಸಿಗುತ್ತವೆ. ಜೆರಾಕ್ಸ್ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಗೆ ಪ್ರತ್ಯೇಕ ಡ್ರೈವರ್ ಬೇಕು.
* ವಿಂಡೋಸ್ ಕೆಟ್ಟು ನಿಂತ ಅಂಗಡಿ ಕಂಪ್ಯೂಟರ್‌ನಿಂದ ಬಿಲ್, ಲೆಕ್ಕದ ಫೈಲ್ ಹೊರತೆಗೆಯೋಕೂ ಇದೇ ಡಿಸ್ಕ್ ಸಾಕು. ಹಾರ್ಡ್ ಡಿಸ್ಕ್ ಸರಿಯಿದ್ದು, ಎನ್‌ಕ್ರಿಪ್ಟ್ ಆಗಿರದಿದ್ದರೆ ಫೈಲ್ ಕಾಪಿ ಮಾಡಿಕೊಂಡು ಆಮೇಲೆ ಫಾರ್ಮ್ಯಾಟ್ ಮಾಡಿಸಿ.

ಇದು ಏನನ್ನು ಕಾಪಾಡಲ್ಲ?

ಕೀಬೋರ್ಡ್ ವೈರ್‌ಗೆ ಯಾರಾದರೂ ಕಳ್ಳ ಉಪಕರಣ ಸಿಕ್ಕಿಸಿದ್ದರೆ ಲೈವ್ ಡಿಸ್ಕ್‌ಗೆ ಗೊತ್ತಾಗಲ್ಲ. ಬೆನ್ನ ಹಿಂದೆ ನಿಂತು ನೋಡುವವರನ್ನೂ ತಡೆಯಲ್ಲ. ನೀವು ಯಾವ ವೆಬ್‌ಸೈಟ್‌ಗೆ ಹೋದಿರಿ ಅನ್ನೋದು ಲೈಬ್ರರಿಯ ಇಂಟರ್‌ನೆಟ್ ಸಂಪರ್ಕದಲ್ಲಿ ಕಾಣಬಹುದು. ನಕಲಿ ಬ್ಯಾಂಕ್ ಪುಟದಲ್ಲಿ ನೀವಾಗೇ ಒಟಿಪಿ ಹೊಡೆದರೆ ಯಾವ ಡಿಸ್ಕೂ ಉಳಿಸಲ್ಲ. ಹಣ ಕಳಿಸುವ ಕೆಲಸವನ್ನು ಸಾಧ್ಯವಾದಷ್ಟೂ ಸ್ವಂತ ಮೊಬೈಲ್‌ನಲ್ಲೇ ಇಟ್ಟುಕೊಳ್ಳಿ.

ಎದ್ದು ಹೋಗುವಾಗ ಬರೀ ಬ್ರೌಸರ್ ಮುಚ್ಚಿದರೆ ಸಾಲದು. ಕಂಪ್ಯೂಟರ್ ಬಂದ್ ಮಾಡಿ, ಡಿಸ್ಕ್ ತೆಗೆದುಕೊಂಡು, ಆಮೇಲೆ ಏಳಿ.

ಗ್ರಂಥಪಾಲಕರಿಗೆ ಎರಡು ಮಾತು

ಓದುಗರ ಡಿಸ್ಕ್ ಬೇಡ ಅನಿಸಿದರೆ ಲೈಬ್ರರಿಯದ್ದೇ ಒಂದೆರಡು ಡಿವಿಡಿ ಮಾಡಿಟ್ಟು, ರಿಜಿಸ್ಟರ್‌ನಲ್ಲಿ ಬರೆಸಿಕೊಂಡು ಕೊಡಿ. ಬಯೋಸ್‌ಗೆ ಪಾಸ್‌ವರ್ಡ್ ಹಾಕಿದರೆ ಯಾವುದರಿಂದ ಬೂಟ್ ಆಗಬೇಕು ಅನ್ನೋದು ನಿಮ್ಮ ಕೈಯಲ್ಲಿರುತ್ತೆ. ಸದಸ್ಯರ ಪಟ್ಟಿ, ಕಚೇರಿ ಕಡತ ಇರುವ ಕಂಪ್ಯೂಟರ್ ಇದಕ್ಕೆ ಬೇಡವೇ ಬೇಡ.

ಲಿನಕ್ಸ್ ಬಳಸಿದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಹೆದರಬೇಡಿ. ಲಿನಕ್ಸ್ ಕಂಪ್ಯೂಟರ್ ಒಳಗಿನ ಗಡಿಯಾರವನ್ನು ವಿಶ್ವ ಸಮಯದಲ್ಲಿ ಇಡುತ್ತೆ, ವಿಂಡೋಸ್ ಭಾರತದ ಸಮಯದಲ್ಲಿ ಇಡುತ್ತೆ, ವ್ಯತ್ಯಾಸ ಅದು. ವಿಂಡೋಸ್ ಸಮಯ ಸೆಟ್ಟಿಂಗ್‌ನಲ್ಲಿ ‘ಸಿಂಕ್’ ಒತ್ತಿದರೆ ಸರಿಹೋಗುತ್ತೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಕಂಪ್ಯೂಟರ್‌ಗಳು ವಿಂಡೋಸ್ 11ರ ಷರತ್ತಿಗೆ ಹೊಂದಲ್ಲ. ಅವನ್ನು ಗುಜರಿಗೆ ಹಾಕುವ ಮೊದಲು ಲೈವ್ ಡಿಸ್ಕ್ ಹಾಕಿ ನೋಡಿ. ವೈಫೈ, ಪ್ರಿಂಟರ್, ಕನ್ನಡ ಎಲ್ಲ ಸರಿ ಓಡಿದರೆ ಮೇಲಿನವರ ಒಪ್ಪಿಗೆ ಪಡೆದು ಇನ್‌ಸ್ಟಾಲ್ ಮಾಡುವ ಯೋಚನೆ ಮಾಡಬಹುದು.

ಇದ್ಯಾವುದೂ ಆಗಲ್ಲ ಅನ್ನುವವರು ಇಷ್ಟಾದರೂ ಮಾಡಿ. ಇವತ್ತು ಹೋದಾಗ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನಿಮ್ಮ ಹೆಸರಿನ ಫೈಲ್ ಇದೆಯಾ ನೋಡಿ. ಇದ್ದರೆ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಪಕ್ಕದಲ್ಲಿ ಬೇರೆಯವರ ಆಧಾರ್ ಕಂಡರೆ ತೆರೆಯದೇ ಗ್ರಂಥಪಾಲಕರಿಗೆ ತಿಳಿಸಿ. ನಮ್ಮದನ್ನೂ ಯಾರೋ ಹಾಗೇ ನೋಡಿರ್ತಾರೆ.