ರೇಡಿಯಂ-223ರ ಕಾರ್ಬನ್ ಕ್ಷಯ: ಅರ್ಧಾಯುವಿನ ಲೆಕ್ಕ ಮತ್ತು ಒಂಟಿ ನ್ಯೂಟ್ರಾನು

ಅಪರೂಪದ ಕ್ಷಯಗಳ ಅರ್ಧಾಯುವನ್ನು ಸಿದ್ಧಾಂತದಿಂದ ಮೊದಲೇ ಹೇಳುವವರಲ್ಲಿ, ಉತ್ತರ ಪ್ರಯೋಗಕ್ಕೆ ಹತ್ತು ಪಟ್ಟಿನೊಳಗೆ ಬಂದರೆ ಲೆಕ್ಕ ಗೆದ್ದಿತೆನ್ನುವ ರೂಢಿಯಿದೆ. ರೂಢಿಗೆ ಕಾರಣವೂ ಇದೆ. ಆದರೆ ಅದು ಎಲ್ಲಿ ಸಾಲದು ಎಂಬುದನ್ನು ರೇಡಿಯಂ-223 ಎತ್ತಿ ತೋರಿಸುತ್ತದೆ.

ಭಾರದ ನ್ಯೂಕ್ಲಿಯಸ್ಸುಗಳು ಆಲ್ಫಾ ಕಣಕ್ಕಿಂತ ದೊಡ್ಡ ತುಣುಕುಗಳನ್ನೂ ತಾವಾಗಿ ಹೊರಹಾಕಬಲ್ಲವೆಂದು ಸಂಡುಲೆಸ್ಕು, ಪೊಯೆನಾರು ಮತ್ತು ಗ್ರೈನರ್ 1980ರಲ್ಲಿ ಮುನ್ನುಡಿದರು. ಆಕ್ಸ್‌ಫರ್ಡಿನ ರೋಸ್ ಮತ್ತು ಜೋನ್ಸ್ 1984ರಲ್ಲಿ ರೇಡಿಯಂ-223ರಿಂದ ಕಾರ್ಬನ್-14 ಹೊರಬೀಳುವುದನ್ನು ಪ್ರಕಟಿಸಿದರು. 189 ದಿನಗಳ ಎಣಿಕೆಯಲ್ಲಿ ಅವರಿಗೆ ದಕ್ಕಿದ್ದು ಕೇವಲ 11 ಕಾರ್ಬನ್ ನ್ಯೂಕ್ಲಿಯಸ್ಸುಗಳು. ನೂರು ಕೋಟಿ ಆಲ್ಫಾ ಕ್ಷಯಗಳಿಗೆ ಹೆಚ್ಚುಕಡಿಮೆ ಒಂದು. ರೇಡಿಯಂ-223ರ ಅರ್ಧಾಯು ಸುಮಾರು 11.4 ದಿನ. ಕಾರ್ಬನ್ ದಾರಿಯೊಂದೇ ಇದ್ದಿದ್ದರೆ ಅದು ಸುಮಾರು 3.7 ಕೋಟಿ ವರ್ಷವಾಗುತ್ತಿತ್ತು.

ಗ್ಯಾಮೋ 1928ರಲ್ಲಿ ಆಲ್ಫಾ ಕ್ಷಯಕ್ಕೆ ಕೊಟ್ಟ ವಿವರಣೆಯೇ ಇಲ್ಲಿಯೂ ಬುನಾದಿ: ತುಣುಕು ವಿದ್ಯುತ್ ವಿಕರ್ಷಣೆಯ ತಡೆಗೋಡೆಯನ್ನು ಕ್ವಾಂಟಂ ನಿಯಮದ ಬಲದಿಂದ ತೂರಿಕೊಂಡು ಬರಬೇಕು. ಬಿಡುಗಡೆಯಾಗುವ ಶಕ್ತಿಯೂ ತಡೆಗೋಡೆಯ ಆಕಾರವೂ ಸೂತ್ರದ ಘಾತಾಂಕದಲ್ಲಿ ಕೂತಿವೆ. ಈ ಕ್ಷಯದಲ್ಲಿ ಬಿಡುಗಡೆಯಾಗುವುದು ಸುಮಾರು 31.8 ಎಂಇವಿ (ದಶಲಕ್ಷ ಎಲೆಕ್ಟ್ರಾನ್‌ವೋಲ್ಟ್). ಅದರಲ್ಲಿ 1 ಎಂಇವಿ ತಗ್ಗಿದರೆ ಅರ್ಧಾಯು ಸುಮಾರು ನೂರು ಪಟ್ಟು ಹಿಗ್ಗುತ್ತದೆ. ಹಾಗಾಗಿ ಹತ್ತು ಪಟ್ಟಿನ ರಿಯಾಯಿತಿ ಅನ್ಯಾಯವೇನಲ್ಲ.

ಈಗ ಫ್ರಾನ್ಸಿನ ಓರ್ಸೆಯಲ್ಲಿ 1989ರಲ್ಲಿ ನಡೆದ ಅಳತೆಯನ್ನು ನೋಡೋಣ. ಸೊಲೆನೊ ಎಂಬ ಅತಿವಾಹಕ ಸ್ಪೆಕ್ಟ್ರೋಮೀಟರಿನಿಂದ ಕಾರ್ಬನ್ ನ್ಯೂಕ್ಲಿಯಸ್ಸುಗಳ ಶಕ್ತಿಯನ್ನು ಬಿಡಿಬಿಡಿಯಾಗಿ ಅಳೆದಾಗ, ಉಳಿಯುವ ಸೀಸ-209 ಬಹುಪಾಲು ಸಲ ತಳಮಟ್ಟಕ್ಕೆ ಬಾರದೆ 0.78 ಎಂಇವಿ ಮೇಲಿನ ಮೊದಲ ಉದ್ರಿಕ್ತ ಮಟ್ಟದಲ್ಲಿ ನಿಲ್ಲುತ್ತದೆಂದು ತಿಳಿಯಿತು. ತಡೆಗೋಡೆಯ ಲೆಕ್ಕವೊಂದನ್ನೇ ನಂಬಿದರೆ ಆ ದಾರಿ ಹತ್ತಾರು ಪಟ್ಟು ಕ್ಷೀಣವಾಗಿರಬೇಕಿತ್ತು. ಇಲ್ಲಿ ಫಲಿತಾಂಶವೇ ತಿರುವುಮುರುವು! ರೇಡಿಯಂ-223ರಲ್ಲಿ ಜೋಡಿಯಿಲ್ಲದ ನ್ಯೂಟ್ರಾನೊಂದಿದೆ. ತುಣುಕು ಹೊರಡುವಾಗ ಅದು ತನ್ನ ಕಕ್ಷೆಯನ್ನು ಹೆಚ್ಚು ಬದಲಿಸದೆ ಉಳಿಯುವುದಾದರೆ ಆ ಕ್ಷಯ ಸಲೀಸು. ಉದ್ರಿಕ್ತ ಮಟ್ಟಕ್ಕೆ ಹೋಗುವಾಗ ಆಗುವುದು ಇದೇ; ತಳಮಟ್ಟಕ್ಕೆ ಹೋಗಲು ಅದು ಕಕ್ಷೆಯನ್ನೇ ಬದಲಿಸಬೇಕು.

ಆದ್ದರಿಂದ ಒಟ್ಟು ಅರ್ಧಾಯು ಹೊಂದಿದ ಮಾತ್ರಕ್ಕೆ ಮಾದರಿ ಸರಿಯೆನ್ನುವುದನ್ನು ನಾನು ಒಪ್ಪಲಾರೆ. ರೇಡಿಯಂ-222, 224ರಂಥ ಸಮ-ಸಮ (ಪ್ರೋಟಾನು, ನ್ಯೂಟ್ರಾನು ಎರಡೂ ಸಮಸಂಖ್ಯೆಯಲ್ಲಿರುವ) ನ್ಯೂಕ್ಲಿಯಸ್ಸುಗಳಿಗೆ ಹೊಂದಿಸಿದ ಸ್ಥಿರಾಂಕಗಳನ್ನು ಬೆಸ ನ್ಯೂಕ್ಲಿಯಸ್ಸಿಗೂ ಹಾಗೆಯೇ ಹಚ್ಚಿದರೆ ಒಂಟಿ ನ್ಯೂಟ್ರಾನಿನ ಪಾತ್ರ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಬೆಸ ನ್ಯೂಕ್ಲಿಯಸ್ಸುಗಳ ಕುರಿತ ಮುನ್ಸೂಚನೆಯಲ್ಲಿ, ಕ್ಷಯದ ನಂತರ ಉಳಿಯುವ ನ್ಯೂಕ್ಲಿಯಸ್ಸಿನ ಪ್ರತಿ ಶಕ್ತಿಮಟ್ಟಕ್ಕೂ ಪ್ರತ್ಯೇಕ ಅರ್ಧಾಯುವನ್ನು ಕೊಡಬೇಕು.